ಸೀಸೆಯೊಳಗಿನ ದನಿ

ಅಧಿಕಾರಿ ಸೀಸೆಯ ಮುಚ್ಚಳ ತಿರುವಿದ್ದೇ ತಡ, ಒಳಗಿನ ದನಿ ಹೊರಗೆ ಬಂತು: "ಬಾಳವ್ವಾ, ಉಂಡ್ಯೇನ?"

ಬಾಳವ್ವ ಸೀಸೆಯತ್ತ ಬಾಗಿದಳು. ಅದೇ ಒಡಕು, ಅದೇ ಎಳೆತ. ಪಕ್ಕದಲ್ಲಿ ಕೂತಿದ್ದ ಗಂಡ ಫಕೀರಪ್ಪ ಆಸೆಗಣ್ಣಿನಿಂದ ಅವಳ ಮುಖ ನೋಡಿದ. ಯುದ್ಧದಲ್ಲಿ ಸೆರೆಸಿಕ್ಕ ಅವನಂಥವರನ್ನು ಬಿಟ್ಟು ಕಳಿಸಿದರೂ ಅವರ ದನಿಗಳನ್ನೆಲ್ಲ ಆಚೆ ದೇಶ ಕಸಿದಿಟ್ಟುಕೊಂಡಿತ್ತು. ಅವನ್ನು ಮರಳಿಸುವ ಮಾತುಕತೆ ವರ್ಷಗಟ್ಟಲೆ ನಿಂತೇ ಹೋಗಿತ್ತು. ತನ್ನ ದನಿ ಹೊರಗಿನವರಿಗೆ ಹೇಗೆ ಕೇಳುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಗುರುತು ಹಿಡಿಯುವ ಕೆಲಸ ಹೆಂಡಂದಿರದು.

"ಒಪ್ಕೊಳ್ಳಿ ಅಮ್ಮಾ. ದನಿ ಇನ್ನೂ ಸಿಕ್ಕಿಲ್ಲ ಅನ್ನೋ ನಿಮ್ಮಂಥವರ ತಕರಾರು ಮುಗಿದರೆ ಎರಡೂ ದೇಶ ಮತ್ತೆ ಕೂತು ಮಾತಾಡ್ತವೆ," ಎಂದ ಅಧಿಕಾರಿ.

"ನನ್ನ ಹೆಸರು ಇದಕ್ಕ ಯಾರು ಹೇಳಿಕೊಟ್ರಿ?"

"ಗಂಡನ ದನಿಗೆ ಹೆಂಡತಿ ಹೆಸರು ಹೇಳಿಕೊಡಬೇಕಾ? ಹೆಸರು ಹಿಡಿದೇ ಕರೀತಲ್ಲ, ಇನ್ನೆಂಥ ಸಾಕ್ಷಿ ಬೇಕು?"

"ಲಗ್ನ ಆದಾಗಿಂದ ಇವರು ನನ್ನ ಹೆಸರು ಬಾಯಾಗ ತಂದವರಲ್ರಿ. 'ಏ, ಕೇಳಿಲ್ಲೆ' ಅನ್ನೂದಷ್ಟ."

ಫಕೀರಪ್ಪನ ಕೈ ಆಗಲೇ ಸೀಸೆಯತ್ತ ಚಾಚಿತ್ತು. ಅಧಿಕಾರಿ ಮೆಲ್ಲಗೆ ಹೇಳಿದ: "ಇದೂ ಹೋದರೆ ಇವರು ಸಾಯೋತನಕ ಮೂಕರೇ. ಯಾರದಾದರೇನಮ್ಮಾ, ಮಾತು ಬಂದರೆ ಸಾಲದಾ?"

ಬಾಳವ್ವ ಗಂಡನ ಕೈಯನ್ನು ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು.

"ಒಲ್ಲೆ," ಎಂದಳು.