ಹಾಳೆಯ ಮೇಲಿನ ವಿಳಾಸ

ಭಾವ ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಿದರು. "ನೋಡಮ್ಮ, ನಿನ್ನ ಹೊಲಿಗೆ ಅಂಗಡಿಯ ವೆಬ್‌ಸೈಟಲ್ಲಿ ಆ ಹೊಲಸು ಬರೆದವನ ಇಂಟರ್‌ನೆಟ್ ವಿಳಾಸ ಸಿಕ್ತು. 127.0.0.1. ಯಾವ ಊರಿನ ಪುಂಡನೋ! ಮರ್ಯಾದೆಯಾಗಿ ಅಂಗಡಿ ಮುಚ್ಚಿಬಿಡು."

ಅವರದೇ ಅಂಗಿಗೆ ಗುಂಡಿ ಹಾಕುತ್ತಿದ್ದ ತಮ್ಮನ ಹೆಂಡತಿ ತಲೆಯೆತ್ತಲಿಲ್ಲ. ತನ್ನ ಮೈಮಾಟದ ಬಗ್ಗೆ ಬರೆದ ಆ ನಾಲ್ಕು ಸಾಲು ಓದಿದಂದಿನಿಂದ ಅವಳಿಗೆ ಊಟ ಸೇರಿರಲಿಲ್ಲ. ಅಂಗಡಿ ಮುಚ್ಚುವುದೆಂದು ಬೆಳಿಗ್ಗೆಯಷ್ಟೇ ಮನಸ್ಸು ಮಾಡಿದ್ದಳು.

ಅವಳ ಮಗಳು ಹಾಳೆಯತ್ತ ಬಗ್ಗಿದಳು. "ದೊಡ್ಡಪ್ಪ, ಇದು ಯಾವ ಊರಿಂದೂ ಅಲ್ಲ. ನಮ್ಮನೆ ವೈಫೈಲಿರೋ ಫೋನಿಂದ ಬರೆದಿದ್ರೂ 192.168 ಅಂತ ಶುರುವಾಗ್ತಿತ್ತು. ಇದು ಕಂಪ್ಯೂಟರ್ ತನ್ನನ್ನೇ ಕರ್ಕೊಳ್ಳೋ ವಿಳಾಸ. ವೆಬ್‌ಸೈಟ್ ಇರೋ ಕಂಪ್ಯೂಟರ್ ಮುಂದೆಯೇ ಕೂತು ಬರೆದ್ರೆ ಹೀಗೆ ಬರುತ್ತೆ."

ಆ ಕಂಪ್ಯೂಟರ್ ಇದ್ದದ್ದು ಭಾವನ ಕೋಣೆಯಲ್ಲಿ, ಕೋಣೆಯ ಬೀಗದ ಕೈ ಅವರ ಜೇಬಿನಲ್ಲಿ.

"ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು, ನನಗೇ ಪಾಠ ಹೇಳ್ತೀಯಾ?" ಎಂದರು ಭಾವ. ದನಿ ಮಾತ್ರ ಮೇಲೇಳಲಿಲ್ಲ.

ಹಾಳೆಯ ಅಂಚಿನಲ್ಲಿ ಎಂಜಲಿನ ಗುರುತು ಇನ್ನೂ ಹಸಿಯಾಗಿತ್ತು. ತಾಯಿ ಅದನ್ನು ನೋಡಿದಳು. ಎಂದಿನಂತೆ ದಾರವನ್ನು ಹಲ್ಲಿನಿಂದ ಕಡಿಯಲು ಅಂಗಿಯನ್ನು ಬಾಯಿಯ ಹತ್ತಿರ ತಂದವಳು ತಟ್ಟನೆ ಕೈ ತಡೆದಳು. ದಾರವನ್ನು ಕತ್ತರಿಯಿಂದ ಕತ್ತರಿಸಿ, ಕತ್ತರಿಯ ತುದಿಯಲ್ಲೇ ಅಂಗಿಯನ್ನೆತ್ತಿ ಅವರ ಮುಂದೆ ಹಾಕಿದಳು.

"ಉಳಿದ ಗುಂಡಿ ನೀವೇ ಹಾಕ್ಕೊಳ್ಳಿ ಭಾವ, ನನಗೆ ಅಂಗಡಿ ತೆಗೆಯೋ ಹೊತ್ತಾಯ್ತು."