ತಟಸ್ಥ ವಲಯದ ಅಡುಗೆಮನೆ

ಫ್ರಿಜ್ಜಿನ ಎಡಗಡೆ ಇದ್ದ ಮೊಟ್ಟೆ ಬಲಗಡೆಗೆ ಬಂದಿತ್ತು. ನಡುವೆ ಅಂಟಿಸಿದ್ದ ಕೆಂಪು ಟೇಪು ಮಾತ್ರ ನೆಟ್ಟಗೆ ಹಾಗೇ ಇತ್ತು. ಇದು ಕೈತಪ್ಪಿ ಆದದ್ದಲ್ಲ, ಗಡಿ ಉಲ್ಲಂಘನೆ.

"ನೋಡೇ ಪಂಡಿತೆ, ಇವಳು ಮತ್ತೆ ಶುರು ಮಾಡಿದ್ಲು," ಎಂದಳು ಉದ್ದಜಡೆ.

"ಮೊಟ್ಟೆಗೆ ಕಾಲಿಲ್ಲ ಅಂತ ನನಗೂ ಗೊತ್ತು. ಆದ್ರೆ ನಾನಂತೂ ಮುಟ್ಟಿಲ್ಲ," ಎಂದಳು ಸೋಡಾಬುಡ್ಡಿ, ಪುಸ್ತಕದಿಂದ ತಲೆ ಎತ್ತದೆ.

ಪಂಡಿತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಇಬ್ಬರ ನಡುವೆ ಬಂದು ನಿಂತಳು. ಮೂವರೂ ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಕೊನೆಯ ವರ್ಷದವರು. ಒಂದೇ ಬಾಡಿಗೆ ಮನೆ, ಒಂದೇ ಅಡುಗೆಮನೆ. ಬೇರೆ ವಿಷಯ ಓದುವ ಹುಡುಗಿಯರಾಗಿದ್ದರೆ ನಾಲ್ಕು ಬೈಗುಳದಲ್ಲಿ ಮುಗಿದುಹೋಗುತ್ತಿತ್ತು. ಇವರಿಗೆ ಓದಿದ ದೋಷ. ಒಪ್ಪಂದ ಬೇಕು, ಒಪ್ಪಂದಕ್ಕೆ ಕಲಂಗಳು ಬೇಕು, ಕಲಮಿಗೊಂದು ಉಪಕಲಂ ಬೇಕು.

ಮೊದಲ ಯುದ್ಧ ನಡೆದದ್ದು ತಳ ಹಿಡಿದ ಬಾಣಲೆಗಾಗಿ. ತಿಕ್ಕಬೇಕಾದವರು ಯಾರು ಎಂದು ಇಬ್ಬರೂ ವಾರಗಟ್ಟಲೆ ಹಟ ಹಿಡಿದಾಗ ದಾರಿ ತೋರಿಸಿದವಳು ಪಂಡಿತೆಯೇ. ಅಡುಗೆಮನೆ ತಟಸ್ಥ ವಲಯ. ಎರಡೂ ಕಡೆಯ ಪಡೆಗಳು ಒಲೆಯಿಂದಲೂ ಸಿಂಕಿನಿಂದಲೂ ಹಿಂದೆ ಸರಿಯಬೇಕು. ಆಡಳಿತ ಮೂರನೆಯವಳದು. ಅವರಿಬ್ಬರೂ ಸ್ವಾಭಿಮಾನದ ಪ್ರಶ್ನೆ ಎಂದು ಬಹಳ ಹೊತ್ತು ಬಿಗಿದುಕೊಂಡು, ಕೊನೆಗೆ ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಅಂದಿನಿಂದ ಪಂಡಿತೆ ಅಡುಗೆ ಮಾಡುತ್ತಾಳೆ, ಬಡಿಸುತ್ತಾಳೆ, ತೊಳೆಯುತ್ತಾಳೆ, ಮಿಕ್ಕ ಹೊತ್ತಿನಲ್ಲಿ ಶಾಂತಿ ಕಾಪಾಡುತ್ತಾಳೆ.

ಅವಳಿಗೇನು ಹುಚ್ಚೇ? ಅಲ್ಲ, ಅದು ಅವಳ ಪ್ರಬಂಧ. ಬಗೆಹರಿಯದ ವೈರ ಎಂಬುದೇ ಇಲ್ಲ, ತಾಳ್ಮೆಯುಳ್ಳ ಮಧ್ಯಸ್ಥರ ಕೊರತೆ ಇದೆ ಅಷ್ಟೇ ಎಂಬುದು ಅವಳ ವಾದ. ಹಳೆಯ ಯುದ್ಧಗಳು ಗ್ರಂಥಾಲಯದಲ್ಲಿ ಸಿಕ್ಕವು, ಜೀವಂತ ಯುದ್ಧ ಮನೆಯಲ್ಲೇ ಸಿಕ್ಕಿತು. ವಿಭಾಗದಿಂದ ಒಂದೇ ಒಂದು ಪ್ರಬಂಧ ವಿದೇಶದ ಸಮ್ಮೇಳನಕ್ಕೆ ಹೋಗುತ್ತದೆ. ಅದನ್ನು ಬರೆದವರಿಗೆ ಸಂಶೋಧನೆಗೆ ಜಾಗವೂ ಖಾತ್ರಿ. ಜಾಗ ಸಿಗದಿದ್ದರೆ ಸೋದರಮಾವನ ಟೈಲ್ಸ್ ಅಂಗಡಿಯಲ್ಲಿ ಕೂರಬೇಕು ಎಂದು ಅಪ್ಪ ಆಗಲೇ ತೀರ್ಪು ಕೊಟ್ಟಿದ್ದರು. ವಿಶ್ವಶಾಂತಿಯ ಬಗ್ಗೆ ಇಷ್ಟು ಓದಿದವಳು ಬಚ್ಚಲ ಟೈಲ್ಸ್ ಮಾರುವುದೇ?

ಮಿಕ್ಕ ಇಬ್ಬರ ಪ್ರಬಂಧ ಯಾವುದರ ಮೇಲೆ ಎಂದು ಅವಳು ಸರಿಯಾಗಿ ಕೇಳಿರಲೂ ಇಲ್ಲ. ಮೀನುಗಾರಿಕೆಯೋ, ಗಡಿ ವ್ಯಾಪಾರವೋ, ಏನೋ ಒಂದು. ದೊಡ್ಡ ರಾಷ್ಟ್ರಗಳು ಚಿಕ್ಕವನ್ನು ವಿಚಾರಿಸಿಕೊಳ್ಳುತ್ತಾ ಕೂರುವುದುಂಟೇ?

"ಶಾಂತಿ ಆಯ್ತಾ?" ಎಂದು ವಿಭಾಗದಲ್ಲಿ ಪಂಡಿತೆಯನ್ನು ಕೇಳಿದರು ಅವಳ ಪ್ರಬಂಧದ ಮಾರ್ಗದರ್ಶಕಿ ಮೇಡಂ.

"ಆಗ್ತಾ ಇದೆ ಮೇಡಂ."

"ಆಗ್ತಾ ಇದೆ ಅಂತ ಪತ್ರಿಕೆಯವರು ಬರೀತಾರೆ. ಪ್ರಬಂಧದಲ್ಲಿ ಆಗಿರಬೇಕು. ಭಾನುವಾರ ನಾನೇ ಮನೆಗೆ ಬಂದು ನೋಡ್ತೀನಿ."

ಪಂಡಿತೆ ಮನೆಗೆ ಓಡಿಬಂದು ಬಾಗಿಲು ತೆರೆದರೆ ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಲ್ಯಾಪ್‌ಟಾಪಿನ ಮುಂದೆ. ಇವಳನ್ನು ಕಂಡದ್ದೇ ಉದ್ದಜಡೆ ದಿಂಬು ತೆಗೆದು ಸೋಡಾಬುಡ್ಡಿಯ ಮೇಲೆ ಬೀಸಿದಳು. ಸದ್ಯ, ಕೈ ಮಿಲಾಯಿಸುವ ಮೊದಲೇ ತಾನು ಬಂದೆನಲ್ಲ ಎಂದು ಪಂಡಿತೆ ಸಮಾಧಾನಪಟ್ಟುಕೊಂಡಳು.

"ನಿಮ್ಮ ದಮ್ಮಯ್ಯ, ಭಾನುವಾರದೊಳಗೆ ರಾಜಿ ಆಗ್ರೇ. ನನ್ನ ಜೀವನದ ಪ್ರಶ್ನೆ."

"ಇವಳ ಜೊತೆನಾ? ಒಂದು ವಿಶ್ವಾಸ ಅಂತ ಹುಟ್ಟಬೇಕಲ್ವಾ," ಎಂದಳು ಉದ್ದಜಡೆ. ಬಟ್ಟೆಗೆ ಇಸ್ತ್ರಿ ಮಾಡಿಕೊಟ್ಟರೆ ವಿಶ್ವಾಸ ಹುಟ್ಟಬಹುದು ಎಂದು ತಿಳಿಯಿತು. ಸೋಡಾಬುಡ್ಡಿಯ ವಿಶ್ವಾಸ ಬೆಳಗಿನ ಕಾಫಿ ಹಾಸಿಗೆಗೇ ಬರುವುದರಲ್ಲಿತ್ತು. ಒಬ್ಬಳ ಬೇಡಿಕೆ ಇನ್ನೊಬ್ಬಳಿಗೆ ಒಮ್ಮೆಯೂ ಅಡ್ಡ ಬರಲಿಲ್ಲ. ಪಂಡಿತೆ ಅದನ್ನು ಮಾತುಕತೆಯ ಪ್ರಗತಿ ಎಂದೇ ಪ್ರಬಂಧಕ್ಕೆ ಸೇರಿಸಿದಳು.

ಭಾನುವಾರ ಮೇಡಂ ಬಂದರು. ಪಂಡಿತೆ ಚಹಾ ತಂದಿಟ್ಟಳು. ಉದ್ದಜಡೆಯೂ ಸೋಡಾಬುಡ್ಡಿಯೂ ಎದುರುಬದುರು ನಿಂತು ಕೈ ಕುಲುಕಿದರು, ಆಮೇಲೆ ಅಪ್ಪಿಕೊಂಡರು. ವರ್ಷವಿಡೀ ಎಣ್ಣೆ ಸೀಗೆಕಾಯಿಯಂತಿದ್ದವರು ಎಷ್ಟು ಸಲೀಸಾಗಿ ಅಪ್ಪಿಕೊಂಡರು ಎಂದರೆ, ಪಂಡಿತೆಗೆ ತನ್ನ ಸಾಮರ್ಥ್ಯದ ಮೇಲೆ ತನಗೇ ಭಕ್ತಿ ಬಂತು.

ಮೇಡಂ ಫಳಫಳ ಹೊಳೆಯುವ ಸಿಂಕನ್ನೂ, ಇಸ್ತ್ರಿಯಾದ ಬಟ್ಟೆಯ ರಾಶಿಯನ್ನೂ ಸಾವಕಾಶವಾಗಿ ನೋಡಿದರು. "ಇದೆಲ್ಲ ಯಾರಮ್ಮ ಮಾಡೋದು?"

"ನಾನೇ ಮೇಡಂ. ತಟಸ್ಥ ಆಡಳಿತ," ಎಂದಳು ಪಂಡಿತೆ, ಹೆಮ್ಮೆಯಿಂದ.

"ಯಾರಾದ್ರೂ ಬಲವಂತ ಮಾಡಿದ್ರಾ?"

"ಇಲ್ಲ ಮೇಡಂ, ಅವರು ಬೇಡ ಅಂದ್ರು. ನಾನೇ ಒಪ್ಪಿಸಿದ್ದು."

ಮೇಡಂ ಉಳಿದಿಬ್ಬರ ಕಡೆ ತಿರುಗಿದರು. "ನಿಮಗೆ ಇನ್ನೇನಾದ್ರೂ ಬೇಕಿತ್ತಾ?"

"ಸಾಕು ಮೇಡಂ. ಬೇಕಾದ್ದೆಲ್ಲ ಸಿಕ್ತು," ಎಂದಳು ಸೋಡಾಬುಡ್ಡಿ.

ಪಂಡಿತೆಯ ಕಣ್ಣು ತುಂಬಿ ಬಂತು. ಟೈಲ್ಸ್ ಅಂಗಡಿ ದೂರ ದೂರ ಸರಿಯುತ್ತಿತ್ತು. ಮೇಡಂ ಅವಳ ಬೆನ್ನು ತಟ್ಟಿ, "ನಿನ್ನ ಪ್ರಬಂಧ ಪಾಸು, ಯೋಚನೆ ಮಾಡ್ಬೇಡ," ಎಂದರು.

"ಸಮ್ಮೇಳನಕ್ಕೆ ಹೋಗುತ್ತಲ್ವಾ ಮೇಡಂ?"

"ಅದಕ್ಕೆ ಇವರಿಬ್ಬರ ಜಂಟಿ ಪ್ರಬಂಧ ಕಳಿಸ್ತಿದ್ದೀನಿ ಕಣಮ್ಮ. ಎರಡು ದೇಶಗಳು ಸುಳ್ಳು ಜಗಳ ಹೂಡಿ ಮೂರನೇ ದೇಶವನ್ನ ದುಡಿಸಿಕೊಳ್ಳೋದು ಹೇಗೆ ಅನ್ನೋದು ವಿಷಯ," ಎನ್ನುತ್ತಾ ಮೇಡಂ ಖಾಲಿ ಕಪ್ಪನ್ನು ಅವಳ ಕೈಗಿತ್ತರು. "ಕೊನೆಗೂ ಆ ಮೂರನೇ ದೇಶ ತಾನೇ ಗೆದ್ದೆ ಅಂದ್ಕೊಳ್ಳುತ್ತೆ ಅಂತ ಬರೆದಿದ್ರು, ನಾನು ನಂಬಿರಲಿಲ್ಲ. ಅದನ್ನ ನೋಡೋಕೇ ಇವತ್ತು ಬಂದದ್ದು."