ಲಿಟಲ್ ಎಲ್ಮ್‌ನ ಶನಿವಾರಗಳು

"ಏನಂದ್ರಿ? ನಮ್ಮ ಮನ್ಯಾಗ ಇಲಿ ಅದಾವ ಅಂತೀರೇನು?"

ಶಿವಬಸವ್ವ ಎದ್ದು ನಿಂತ ರಭಸಕ್ಕೆ ಆಸ್ಪತ್ರೆಯ ಕುರ್ಚಿ ಗೋಡೆಗೆ ಬಡಿಯಿತು. ಹಾಸಿಗೆಯಲ್ಲಿದ್ದ ಗದಿಗೆಪ್ಪ ಕಣ್ಣು ಮುಚ್ಚಿಕೊಂಡ. ಜ್ವರಕ್ಕಲ್ಲ, ಹೆಂಡತಿಗೆ.

"ಮನೇಲಿ ಅಂತ ನಾನು ಹೇಳ್ಲಿಲ್ಲ ಆಂಟಿ," ಎಂದಳು ಡಾಕ್ಟರ್ ನಿವೇದಿತಾ. "ಎಲ್ಲೋ ಒಂದು ಕಡೆ. ಇಲಿಯಿಂದ ಬರೋ ವೈರಸ್ ಇದು. ಅದರ ಉಚ್ಚೆ, ಹಿಕ್ಕೆ ಒಣಗಿ, ಧೂಳಾಗಿ ಮೂಗಿಗೆ ಹೋದ್ರೆ ಸಾಕು."

"ನಾವು ಇಲಿ ಓಡಸವ್ರು ರೀ! ಇಡೀ ಡಲ್ಲಾಸಿಗೆ ಗೊತ್ತೈತಿ!"

ಅದು ನಿಜ. ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಗದಿಗೆಪ್ಪನ ಆಫೀಸು. ಬಾಗಿಲಲ್ಲಿ ಐದು ವ್ಯಾನು. ಒಂದೊಂದರ ಮೇಲೂ ಸೂಟ್‌ಕೇಸ್ ಹಿಡಿದು ಅಳುತ್ತಾ ಊರು ಬಿಡುವ ಇಲಿಯ ಚಿತ್ರ. ಹಳೇ ಮನೆಗಳಿಗೆ ಕೆಲಸಗಾರರನ್ನು ಕಳಿಸುತ್ತಿದ್ದ. ಬಣ್ಣದ ವಾಸನೆ ಇನ್ನೂ ಆರದ ಹೊಸ ಬಡಾವಣೆಗಳಿಗೆ ತಾನೇ ಹೋಗುತ್ತಿದ್ದ. ಇತ್ತೀಚೆಗೆ ಅಲ್ಲೇ ಕೆಲಸ ಹೆಚ್ಚು.

ಅವರಿದ್ದ ಕಾಪೆಲ್ ಊರಿನ ಕ್ಲಿನಿಕ್ಕಿನವರು ಮೊದಲು ಫ್ಲೂ ಎಂದಿದ್ದರು. ಈಚೆಗೆ ಮದುವೆಗೆಂದು ಹುಬ್ಬಳ್ಳಿಗೆ ಹೋಗಿ ಬಂದಿದ್ದ ಎಂದು ತಿಳಿದ ಮೇಲೆ ಡೆಂಗಿ ಎಂದರು. ಪರೀಕ್ಷೆ ಅಲ್ಲವೆಂದಿತು. ಅಷ್ಟರಲ್ಲಿ ಕಣ್ಣು ಕೆಂಪಾಗಿ, ಪ್ಲೇಟ್‌ಲೆಟ್ ಇಳಿದು, ಸೊಂಟದ ನೋವಿಗೆ ಗದಿಗೆಪ್ಪ ಮಗುವಿನಂತೆ ಅತ್ತ. ಕೊನೆಗೆ ಮೂತ್ರವೇ ನಿಂತಿತು. ಆಗ ದೊಡ್ಡಾಸ್ಪತ್ರೆ, ನಿವೇದಿತಾ, ಅವಳು ಕಳಿಸಿದ ರಕ್ತದ ಪರೀಕ್ಷೆ. ಇಲಿಯಿಂದ ಬರುವ ವೈರಸ್ಸೇ ಎಂದು ಲ್ಯಾಬ್ ಖಚಿತಪಡಿಸಿತ್ತು.

"ಇದನ್ನ ಕೊಲ್ಲೋಕೆ ಅಂತ ಪಕ್ಕಾ ಔಷಧಿ ಇಲ್ಲ," ಎಂದಳು ನಿವೇದಿತಾ. "ಕಿಡ್ನಿ ಮತ್ತೆ ಕೆಲಸ ಶುರು ಮಾಡೋವರೆಗೂ ಡಯಾಲಿಸಿಸ್ ಮಾಡ್ತೀವಿ. ಡ್ರಿಪ್ಸ್ ಅಳೆದು ಕೊಡಬೇಕು, ಜಾಸ್ತಿ ಆದ್ರೆ ನೀರು ಶ್ವಾಸಕೋಶ ಸೇರುತ್ತೆ. ಅಂಕಲ್, ಎಲ್ಲಿಂದ ಬಂತು ಅಂತ ಹೇಳಿ. ಅಲ್ಲಿರೋ ಬೇರೆಯವರಿಗೂ ಬಂದಿರಬಹುದು."

"ಎಲ್ಲಿ ಹೋದ್ರೂ ಮಾಸ್ಕ್ ಹಾಕ್ತೀನ್ರಿ," ಎಂದ ಗದಿಗೆಪ್ಪ.

"ಎಲ್ಲೂ ತೆಗೆಯಲ್ವಾ?"

ಅವನು ಗೋಡೆಯ ಕಡೆ ಹೊರಳಿದ.

ಕಾರಿಡಾರಿನಲ್ಲಿ ಶಿವಬಸವ್ವ ಡಾಕ್ಟರ ತೋಳು ಹಿಡಿದುಕೊಂಡಳು. ದನಿ ಕುಗ್ಗಿತ್ತು.

"ಅವ್ರಿಗೆ ಬ್ಯಾರೆ ಸಂಬಂಧ ಐತ್ರಿ. ಆ ಲಿಟಲ್ ಎಲ್ಮ್ ಊರಾಗ. ಶನಿವಾರ ಬಂತಂದ್ರ ಸಾಕು, ಸೆಂಟ್ ಹೊಡಕೊಂಡು ಹೊಂಟ್ರು. ನಾ ಮಾಡಿದ ಶೇಂಗಾ ಉಂಡಿ ಡಬ್ಬಿತುಂಬ ಒಯ್ತಾರ, ಖಾಲಿ ಡಬ್ಬಿ ತರ್ತಾರ. ಇವ್ರಿಗೆ ನೋಡಿದ್ರ ಶುಗರ್ ಐತಿ! ಯಾರು ತಿಂತಾರ್ರಿ ಅಷ್ಟು ಉಂಡಿ? ಮನಿಗೆ ಬಂದ ಕೂಡ್ಲೇ ಸ್ನಾನ. ಯಾಕ್ರಿ ಸ್ನಾನ?"

ನಿವೇದಿತಾಗೆ ನಗು ಬಂತು, ನುಂಗಿಕೊಂಡಳು. ಅವಳಿಗೆ ಗದಿಗೆಪ್ಪನ ಮೇಲೆ ಮಮತೆಯಿತ್ತು. ಅವಳ ಹೊಸ ಮನೆಯೂ ಲಿಟಲ್ ಎಲ್ಮ್‌ನಲ್ಲೇ. ಹೋದ ತಿಂಗಳು ಅಮ್ಮ ಸುಶೀಲಮ್ಮ ಅಡುಗೆಮನೆಯಲ್ಲಿ ಇಲಿ ಕಂಡು ಊಟದ ಮೇಜು ಹತ್ತಿದ್ದರು. ಬಾಗಿಲಿಗೆ ಅಂದೇ ಯಾರೋ ಸಿಕ್ಕಿಸಿ ಹೋಗಿದ್ದ ಜಾಹೀರಾತು ನೋಡಿ ಫೋನ್ ಮಾಡಿದರೆ, ಸುಶೀಲಮ್ಮ ಮೇಜಿನಿಂದ ಇಳಿಯುವ ಮೊದಲೇ ಗದಿಗೆಪ್ಪ ಹಾಜರ್. ಮೂರು ಇಲಿ ಹಿಡಿದ. ಎಲ್ಲಿ ಅಡಗಿವೆಯೆಂದು ಅವನಿಗೆ ಮೊದಲೇ ಗೊತ್ತಿದ್ದಂತಿತ್ತು. ಇಂಥ ಅನುಭವಸ್ಥ ಸಿಗುವುದು ನಮ್ಮ ಪುಣ್ಯ ಎಂದು ಅಮ್ಮ ಅವನಿಗೆ ಕಾಫಿ ಕೊಟ್ಟಿದ್ದರು.

ಕೆಲವು ದಿನ ಯಾರಿಗೂ ಭರವಸೆಯಿರಲಿಲ್ಲ. ಆಮೇಲೊಂದು ಮಧ್ಯಾಹ್ನ ನರ್ಸ್ ಮೂತ್ರದ ಚೀಲವನ್ನು ಎತ್ತಿ ತೋರಿಸಿದಳು. ತಳದಲ್ಲಿ ಒಂದಿಷ್ಟು ಹಳದಿ. ಶಿವಬಸವ್ವ ಅದಕ್ಕೆ ಕೈ ಮುಗಿದೇಬಿಟ್ಟಳು. ಹೂಸ್ಟನ್‌ನ ತಂಗಿಗೆ, ಆಸ್ಟಿನ್‌ನಲ್ಲಿ ಓದುತ್ತಿದ್ದ ಮಗ ಸಿದ್ಧಾರ್ಥನಿಗೆ ಫೋನ್ ಮಾಡಿ, "ಬಂತೋ, ಬಂತೋ!" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದಳು. ಏನು ಬಂತೆಂದು ತಿಳಿದ ಮಗ, "ಓ ಮೈ ಗಾಡ್, ಅಮ್ಮಾ," ಎಂದು ಫೋನಿಟ್ಟ.

ಗಂಡ ಬದುಕುತ್ತಾನೆಂದು ಖಾತ್ರಿಯಾದ ಕೂಡಲೇ ಅವಳು ಕುರ್ಚಿಯನ್ನು ಹಾಸಿಗೆಗೆ ಎಳೆದು ಕೂತಳು.

"ಡಾಕ್ಟರು ಇಲ್ಲೇ ಅದಾರ. ಈಗ ಹೇಳ್ರಿ. ಯಾರಾಕಿ?"

ಗದಿಗೆಪ್ಪ ಡಾಕ್ಟರ ಮುಖ ನೋಡಿದ. ನಿವೇದಿತಾ, "ಹೇಳಿಬಿಡಿ ಅಂಕಲ್. ಅವರಿಗೂ ಪರೀಕ್ಷೆ ಮಾಡಬೇಕು," ಎಂದಳು.

"ಒಬ್ಬಾಕಿ ಅಲ್ಲ."

"ಎಷ್ಟ ಮಂದಿ ಅದಾರ?" ಎಂದು ಶಿವಬಸವ್ವ ಮತ್ತೆ ಎದ್ದು ನಿಂತಳು.

"ನಲವತ್ತು ಅದಾವು. ಗೋದಾಮು ಒಂದು ಬಾಡಿಗಿಗೆ ಹಿಡಿದೀನಿ. ಪಂಜರದಾಗ ಅದಾವು. ಇಲಿ."

ಶಿವಬಸವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದಳು. ನಗುತ್ತಲೇ ಅತ್ತಳು. "ಇಲಿ! ನನ್ನ ಉಂಡಿ ಇಲಿ ತಿಂದ್ವೇನ್ರಿ! ಅಯ್ಯ ಶಿವನೇ, ನಾ ಏನೇನೋ ತಿಳಕೊಂಡಿದ್ದೆ. ಸಾಕಿಕೊಳ್ರಿ, ನೂರು ಸಾಕಿಕೊಳ್ರಿ!" ಗಂಡನ ಕೆನ್ನೆ ಸವರಿ, ಚಹಾ ತರಲು ಹೊರಟೇ ಹೋದಳು.

ನಿವೇದಿತಾ ಹೋಗಲಿಲ್ಲ.

"ಅಂಕಲ್, ಇಲಿ ಹಿಡಿಯೋರು ನೀವು. ಸಾಕಿದ್ದು ಯಾಕೆ?"

ಗದಿಗೆಪ್ಪ ಬಾಗಿಲ ಕಡೆ ನೋಡಿ, ಹೆಂಡತಿ ಹೋದದ್ದು ಖಾತ್ರಿ ಮಾಡಿಕೊಂಡ.

"ನಿಮ್ಮ ತಾಯಿಯವ್ರು ಆರಾಮ ಅದಾರೇನ್ರಿ?"

"ನಿನ್ನೆಯಿಂದ ಸ್ವಲ್ಪ ಜ್ವರ. ಯಾಕೆ?"

"ನಿಮ್ಮ ಮನ್ಯಾಗ ನಾ ನಾಕು ಬಿಟ್ಟಿದ್ದೆ ರೀ. ಸಿಕ್ಕದ್ದು ಮೂರೇ."